‘ತುಂಬಿದೆ ಸಾರ್’

ಫೆಬ್ರವರಿ 11

ಅಕ್ಕಾ,

ನೀನು ಫೋನ್ ಎತ್ತುವುದಿಲ್ಲ ಅಂತ ಬರೆಯುತ್ತಿದ್ದೇನೆ. ಮೂರು ಸಲ ಭಾವ ಎತ್ತಿದರು. ಮೂರು ಸಲವೂ "ಅವಳು ಮಗೂದು ಹೊಟ್ಟೆ ಚೀಲ ಬದಲಾಯಿಸ್ತಿದ್ದಾಳೆ, ಆಮೇಲೆ ಮಾಡು" ಅಂದರು. ಹತ್ತನೇ ಕ್ಲಾಸಿನಲ್ಲಿ ರಜಾ ಅರ್ಜಿ ಬರೆದ ಮೇಲೆ ಇಷ್ಟುದ್ದ ಏನೂ ಬರೆದವನಲ್ಲ ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ಕ್ಲಿನಿಕ್ ಬಿಟ್ಟು ಬಂದವನು ಇಲ್ಲಿ ದೊಡ್ಡ ಮಕ್ಕಳ ಆಸ್ಪತ್ರೆಯಲ್ಲಿ ಸೇರಿಕೊಂಡೆ. ಎಕ್ಸ್‌ರೇ ಯಂತ್ರ ಮುಟ್ಟಲು ಬಿಡುವುದಿಲ್ಲ, ಸರ್ಟಿಫಿಕೇಟ್ ಕೇಳುತ್ತಾರೆ. ಹಳೇ ಫಿಲ್ಮ್ ಜೋಡಿಸಿಡುವ ಕೋಣೆಗೆ ಹಾಕಿದ್ದಾರೆ. ಟೈರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಐಸ್ ಫ್ಯಾಕ್ಟರಿ, ಒಂದರಲ್ಲೂ ಆರು ತಿಂಗಳು ನಿಲ್ಲದ ನಾನು ಆ ಕ್ಲಿನಿಕ್ಕಿನಲ್ಲಿ ಮಾತ್ರ ಎರಡು ವರ್ಷ ನಿಂತೆ. ನಿಂತಿದ್ದೇ ತಪ್ಪಾಯಿತು.

ನಿನಗೆ ಒಂದು ಮಾತು ಹೇಳಬೇಕು. ಆ ಕ್ಲಿನಿಕ್ಕಿನ ಡಾಕ್ಟರನ್ನು ನಾನು ಬಿಡುವುದಿಲ್ಲ. ಹೊಟ್ಟೆನೋವು ಅಂತ ಯಾವ ಮಗು ಬಂದರೂ ಕೌಂಟರಿನ ಆಯಾ ಸೀದಾ ನನ್ನ ಎಕ್ಸ್‌ರೇ ಕೋಣೆಗೆ ಕಳಿಸುತ್ತಿದ್ದಳು. ಮೊದಲು ಫೋಟೋ, ಆಮೇಲೆ ಡಾಕ್ಟ್ರು. ಅದು ಅಲ್ಲಿಯ ಪದ್ಧತಿ. ಫಿಲ್ಮ್ ಒಣಗುವ ಮೊದಲೇ ನಾನು ಒಳಗೆ ತೆಗೆದುಕೊಂಡು ಹೋಗಿ "ತುಂಬಿದೆ ಸಾರ್" ಅನ್ನಬೇಕು, ಇಲ್ಲದಿದ್ದರೆ "ಖಾಲಿ ಸಾರ್" ಅನ್ನಬೇಕು. ಅವನು ತಲೆ ಎತ್ತದೆ ಬರೆಯುತ್ತಿದ್ದ. ತುಂಬಿದೆ ಅಂದರೆ ಮಲಬದ್ಧತೆ, ಎನಿಮಾ, ಸಿರಪ್ಪು. ನನ್ನನ್ನು ಅಲ್ಲಿ ‘ಅರ್ಧ ಡಾಕ್ಟ್ರು’ ಅಂತಿದ್ದರು. ಅದನ್ನು ಕೇಳಿ ನಾನು ಕಾಲರ್ ಸರಿ ಮಾಡಿಕೊಳ್ಳುತ್ತಿದ್ದೆ.

ಜನವರಿ ಒಂಬತ್ತರ ಬೆಳಗ್ಗೆ ನಮ್ಮ ಬಟಾಣಿಗೂ ಅದೇ ಆಯಿತು. ಎರಡೂವರೆ ವರ್ಷದ ಮಗುವಿನ ಹೊಟ್ಟೆಗೆ ಆ ಡಾಕ್ಟರನ ಕೈ ತಾಗಲಿಲ್ಲ. ಬರೆದು ಕಳಿಸಿದ. ಮೂರನೇ ದಿನ ಬೇರೆ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು, ಕಪ್ಪಾಗಿದ್ದ ಗೇಣುದ್ದ ಕರುಳು ತೆಗೆದು, ಉಳಿದದ್ದರ ತುದಿಯನ್ನು ಹೊರಗಿಟ್ಟು ಚೀಲ ಅಂಟಿಸಿದರು.

ಅವನ ಬೋರ್ಡು ಇಳಿಸುವ ತನಕ ನನಗೆ ನಿದ್ದೆ ಇಲ್ಲ. ಬಟಾಣಿಯ ಫಿಲ್ಮ್ ನನ್ನ ಹತ್ತಿರ ಇದೆ, ಬರುವಾಗ ಎತ್ತಿಕೊಂಡು ಬಂದೆ.

ನಿನ್ನ ತಮ್ಮ


ಮಾರ್ಚ್ 2

ತಮ್ಮಾ,

ನಿನ್ನ ಕಾಗದ ಬಂತು. ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿದೆ, ಆದರೂ ಓದಿದೆ. ಇನ್ನು ಮುಂದೆಯೂ ಬರಿ. ಫೋನಿನಲ್ಲಿ ನೀನು ಮಾತು ತೇಲಿಸುತ್ತೀಯ. ಬರೆದದ್ದು ಕೈಯಲ್ಲಿ ಉಳಿಯುತ್ತದೆ.

ನಿದ್ದೆ ಇಲ್ಲ ಅಂತ ಬರೆದಿದ್ದೀಯ. ನಿನ್ನನ್ನು ಯಾರು ಎಬ್ಬಿಸುತ್ತಾರೆ? ಇಲ್ಲಿ ಚೀಲ ಸೋರಿದರೆ ಬಟಾಣಿ ಎಬ್ಬಿಸುತ್ತಾನೆ. ಚರ್ಮ ಸುಟ್ಟ ಹಾಗೆ ಕೆಂಪಗಾಗಿದೆ. ಅಂಟು ಕೀಳುವಾಗ ಅಳುವುದನ್ನೂ ಬಿಟ್ಟಿದ್ದಾನೆ, ನನ್ನ ಮುಖ ನೋಡುತ್ತಾನೆ. ಅದು ಅಳುವುದಕ್ಕಿಂತ ಕಷ್ಟ.

ನಮ್ಮತ್ತೆಯ ಬಾಯಿಗೆ ಇನ್ನೂ ಬೀಗ ಬಿದ್ದಿಲ್ಲ. "ಬಿಸ್ಕತ್ತು ತಿನ್ನಿಸಿ ತಿನ್ನಿಸಿ ಮಗೂಗೆ ಕಲ್ಲು ಕಟ್ಟಿಸಿದ್ಲು" ಅಂತ ಬಂದವರಿಗೆಲ್ಲ ಹೇಳುತ್ತಾರೆ. ಆ ಡಾಕ್ಟರ್ ಚೀಟಿಯಲ್ಲೇ ಬರೆದಿದ್ದನಲ್ಲ, ‘ತಾಯಿಗೆ ಆಹಾರದ ತಿಳುವಳಿಕೆ ಕೊಡಲಾಗಿದೆ’ ಅಂತ. ಕೊಡಲೂ ಇಲ್ಲ, ಏನೂ ಇಲ್ಲ. ನಿಮ್ಮ ಭಾವ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಬಿಸ್ಕತ್ತಿನ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಎತ್ತಿಟ್ಟಿದ್ದಾರೆ. ನನಗೆ ಕೈ ಎಟುಕದಷ್ಟು ಮೇಲೆ.

ಬೋರ್ಡು ಇಳಿಸುತ್ತೇನೆ ಅಂತ ಬಡಾಯಿ ಕೊಚ್ಚಬೇಡ. ನಾನು ವೈದ್ಯರ ಮಂಡಳಿಗೆ ದೂರು ಕೊಡುತ್ತಿದ್ದೇನೆ. ನಿನಗೆ ಕೈಲಾದರೆ ಒಂದು ಕೆಲಸ ಮಾಡು. ಫಿಲ್ಮಿನಲ್ಲಿ ಮಲ ಕಂಡರೆ ಮಲಬದ್ಧತೆ ಅಂತ ಹೇಳಬಹುದೋ ಇಲ್ಲವೋ, ಗೊತ್ತಿದ್ದವರ ಹತ್ತಿರ ಕೇಳಿ ತಿಳಿದು ಬರಿ. ನಿನ್ನ ಅರ್ಧ ಡಾಕ್ಟರಿಕೆ ಬೇಡ.

ಅಕ್ಕ


ಮಾರ್ಚ್ 19

ಅಕ್ಕಾ,

ಸಿಕ್ಕಿತು. ಅವನ ಕುತ್ತಿಗೆಗೆ ಹಗ್ಗ ಸಿಕ್ಕಿತು.

ಇಲ್ಲಿ ಒಬ್ಬರು ವಯಸ್ಸಾದ ಡಾಕ್ಟರಮ್ಮ ಇದ್ದಾರೆ. ಕಲಿಯಲು ಬರುವ ಹುಡುಗ ಹುಡುಗಿಯರು ಬೆನ್ನ ಹಿಂದೆ ‘ಅಜ್ಜಿ’ ಅಂತಾರೆ. ಮೊನ್ನೆ ನನ್ನ ಕೋಣೆಗೆ ಬಂದು ಹನ್ನೆರಡು ಮಕ್ಕಳ ಹೊಟ್ಟೆಯ ಹಳೇ ಫಿಲ್ಮ್ ಹೊರಗೆ ತೆಗೆಸಿದರು. ಹೆಸರು ಕಾಣದ ಹಾಗೆ ಪಟ್ಟಿ ಅಂಟಿಸಿ ಬೆಳಕಿನ ಪೆಟ್ಟಿಗೆಗೆ ಒಂದೊಂದೇ ಸಿಕ್ಕಿಸಿ, "ಇದರಲ್ಲಿ ಯಾರಿಗೆ ಮಲಬದ್ಧತೆ, ಬರೀರಿ" ಅಂದರು. ಆರು ಜನ ಬರೆದರು. ನಾನೂ ಮೂಲೆಯಲ್ಲಿ ನಿಂತು ನನ್ನ ಕೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಂಡೆ. ನನಗಿಂತ ಜಾಸ್ತಿ ನೋಡಿದವರು ಯಾರಿದ್ದಾರೆ ಅಂತ ಜಂಬ.

ಒಬ್ಬರ ಉತ್ತರ ಇನ್ನೊಬ್ಬರ ಹಾಗಿಲ್ಲ. ಅಜ್ಜಿ ಚೀಟಿ ಇಸಿದುಕೊಂಡು, ಟೀ ಕುಡಿದು ಬಂದು, ಅದೇ ಹನ್ನೆರಡನ್ನು ಹಿಂದುಮುಂದು ಮಾಡಿ ಮತ್ತೆ ಸಿಕ್ಕಿಸಿದರು. ಈ ಸಲ ಅದೇ ಮನುಷ್ಯ ಮೊದಲು ಬರೆದದ್ದಕ್ಕೂ ಈಗ ಬರೆದದ್ದಕ್ಕೂ ತಾಳೆ ಇಲ್ಲ. ನಾನು ಎಂಟು ‘ತುಂಬಿದೆ’ ಹಾಕಿದ್ದೆ. ಅದರಲ್ಲಿ ಐದು ಮಕ್ಕಳು ನಾಣ್ಯ ನುಂಗಿರಬಹುದು ಅನ್ನುವ ಅನುಮಾನಕ್ಕೆ ಬಂದವರಂತೆ. ದಿನಾ ಸಲೀಸಾಗಿ ಹೋಗುವ ಮಕ್ಕಳು.

ಅಜ್ಜಿ ಹೇಳಿದರು: "ಊಟ ಮಾಡೋ ಮಗುವಿನ ಕರುಳಲ್ಲಿ ಮಲ ಇಲ್ದೆ ಇನ್ನೇನು ಬಂಗಾರ ಇರುತ್ತಾ? ಎಷ್ಟು ದಿನಕ್ಕೊಂದ್ಸಲ ಹೋಗುತ್ತೆ, ಗಟ್ಟಿ ಹೋಗುತ್ತಾ, ಅಳುತ್ತಾ, ತಾಯಿನ ಕೇಳಿ. ಹೊಟ್ಟೆ ಮೇಲೆ ಕೈ ಇಡಿ. ಅಂಗೈ ಹುಣ್ಣಿಗೆ ಕನ್ನಡಿ ಹಿಡೀಬೇಡಿ. ಆ ಕನ್ನಡಿ ಬೇರೆ ಸುಳ್ಳು ಹೇಳುತ್ತೆ. ಮಲ ಕಂಡಿತು ಅಂತ ಸಮಾಧಾನ ಆಗಿ, ಹಿಂದೆ ಅಡಗಿರೋ ಕಾಯಿಲೆನ ಹುಡುಕೋದೇ ಬಿಟ್ಟುಬಿಡ್ತೀರಿ."

ಎಲ್ಲ ಹೋದ ಮೇಲೆ ನಾನು ಬಟಾಣಿಯ ಫಿಲ್ಮ್ ತೋರಿಸಿದೆ. ಯಾರದ್ದು ಅಂತ ಹೇಳಲಿಲ್ಲ. ಕಾಲು ಮಡಚಿ ಮಡಚಿ ಅಳುತ್ತಿತ್ತು, ನಡುವೆ ಸುಮ್ಮನಾಗುತ್ತಿತ್ತು, ವಾಂತಿ ಇತ್ತು ಅಂದೆ. ಅವರು ಫಿಲ್ಮನ್ನು ಪಕ್ಕಕ್ಕಿಟ್ಟರು. ಕರುಳು ಕರುಳೊಳಗೆ ಕಾಲುಚೀಲದ ಹಾಗೆ ಹೊಕ್ಕಿದ್ದರೆ ಹೀಗೇ ಆಗುತ್ತದಂತೆ. "ಬಲಗಡೆ ಬೆರಳಿಟ್ಟಿದ್ರೆ ಬಹುಶಃ ಗಂಟು ಸಿಗ್ತಿತ್ತು. ಬೇಗ ಸಿಕ್ಕಿದ್ರೆ ಎಷ್ಟೋ ಸಲ ಕೊಯ್ಯದೇನೇ ಬಿಡಿಸ್ತೀವಿ. ಈ ಮಗು ಹೇಗಿದೆ ಈಗ?" ಅಂದರು.

ಇದೆ ಅಂದೆ.

ಇದೆಲ್ಲ ದೂರಿನಲ್ಲಿ ಬರಿ. ಫಿಲ್ಮನ್ನೂ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ನಿನ್ನ ತಮ್ಮ


ಏಪ್ರಿಲ್ 6

ಅಕ್ಕಾ,

ಫಿಲ್ಮ್ ಮುಟ್ಟಿತು ಅಂತ ಒಂದು ಗೆರೆಯಾದರೂ ಬರೆಯಬಾರದಾ?

ಭಾನುವಾರ ಬಸ್ಸು ಹತ್ತಿ ಊರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಕ್ಲಿನಿಕ್ಕಿನ ಎದುರು ಸೈಕಲ್ ರಿಪೇರಿಯವನ ಹತ್ತಿರ ನಿಂತಿದ್ದೆ. ಜೇಬಿನಲ್ಲಿ ಮುಷ್ಟಿಯಷ್ಟು ದೊಡ್ಡ ಕಲ್ಲು. ಹೊಸ ಬೋರ್ಡು ಹಾಕಿಸಿದ್ದಾನೆ, ಒಳಗಿನಿಂದ ಲೈಟು ಬೇರೆ. ಗುರಿ ಇಟ್ಟೆ. ಅಷ್ಟರಲ್ಲಿ ಒಬ್ಬಳು ತಾಯಿ ಹೊರಗೆ ಬಂದಳು. ಹೆಗಲ ಮೇಲೆ ಮಗು, ಕೈಯಲ್ಲಿ ಫಿಲ್ಮಿನ ದೊಡ್ಡ ಕವರು. ಅವಳ ಮುಖದಲ್ಲಿ ಎಷ್ಟು ನೆಮ್ಮದಿ ಇತ್ತು ಅಂದರೆ, ಎತ್ತಿದ ಕೈ ಇಳಿಸಿದೆ. ನನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ. ಅವನೂ ಒಳಗೆ ‘ತುಂಬಿದೆ ಸಾರ್’ ಅಂದಿರಬೇಕು.

ಕಲ್ಲನ್ನು ಸೈಕಲ್ಲಿನವನ ಡಬ್ಬದೊಳಗೆ ಹಾಕಿ ಬಂದೆ. ಕಲ್ಲು ಸಾಲದು ಆ ಡಾಕ್ಟರಿಗೆ. ಅವನು ಜನರ ಎದುರು ನಿಂತು, ‘ನಾನು ಮುಟ್ಟಲಿಲ್ಲ’ ಅಂತ ಬಾಯಿ ಬಿಟ್ಟು ಹೇಳಬೇಕು. ಅದನ್ನು ಕಿವಿಯಾರೆ ಕೇಳಬೇಕು ನಾನು.

ನಿನ್ನ ತಮ್ಮ


ಏಪ್ರಿಲ್ 20

ತಮ್ಮಾ,

ಫಿಲ್ಮ್ ಮುಟ್ಟಿತು. ದೂರು ಕೊಟ್ಟೆ, ಅದಕ್ಕೆ ಡಾಕ್ಟರ ಉತ್ತರವೂ ಬಂತು. ನಿಮ್ಮ ಅಜ್ಜಿ ಹೇಳಿದ್ದು ಚೆನ್ನಾಗಿ ನಾಟಿದೆ. ಬೆಳಗಿನ ವಿಷಯಕ್ಕೆ ಅವನ ಹತ್ತಿರ ಸರಿಯಾದ ಜವಾಬಿಲ್ಲ. ‘ಚಿತ್ರ ನೋಡಿ ನಿರ್ಧರಿಸಲಾಯಿತು’ ಅಂತ ಬರೆದಿದ್ದಾನೆ.

ನಾನು ಎರಡು ತಪ್ಪು ಬರೆದಿದ್ದೆ. ಒಂದು, ಬೆಳಗ್ಗೆ ಮುಟ್ಟದೆ ಕಳಿಸಿದ್ದು. ಎರಡು, ಅದೇ ಸಂಜೆಯದ್ದು. ಆರು ಗಂಟೆಗೆ ನಾನು ಮತ್ತೆ ಓಡಿ ಬಂದೆನಲ್ಲ. ಮಗು ಹಸಿರು ವಾಂತಿ ಮಾಡಿ ಒದ್ದೆ ಬಟ್ಟೆಯ ಹಾಗೆ ಹೆಗಲ ಮೇಲೆ ಜೋತಿತ್ತು. ಬಾಗಿಲಲ್ಲೇ ನೀನು ತಡೆದು, "ನಿಲ್ಲು ಅಕ್ಕಾ, ನಾನೇ ಕೇಳಿ ಬರ್ತೀನಿ" ಅಂತ ಒಳಗೆ ಹೋದೆ. ಬಂದು, "ಅದೇ ಸಿರಪ್ ಇನ್ನೆರಡು ಚಮಚ ಜಾಸ್ತಿ ಕೊಡ್ಬೇಕಂತೆ, ಗಾಬರಿ ಬೇಡ ಅಂದ್ರು" ಅಂದೆ. ಎರಡನೇ ಸಲವೂ ಆ ಮನುಷ್ಯ ಎದ್ದು ಬಂದು ನೋಡಲಿಲ್ಲ. ನನ್ನ ಹೊಟ್ಟೆ ಉರಿಯುವುದು ಬೆಳಗಿನದಕ್ಕಿಂತ ಇದಕ್ಕೆ.

ಅದಕ್ಕೆ ಅವನು ಬರೆದ ಉತ್ತರ ಕೇಳು: ‘ಆ ಸಂಜೆ ನನ್ನನ್ನು ಯಾರೂ ಏನೂ ಕೇಳಿಲ್ಲ.’

ಎಂಥ ಎದೆಗಾರಿಕೆ ನೋಡು. ಮೇ 28ಕ್ಕೆ ವಿಚಾರಣೆ. ನೀನು ಬಂದು, ಕೇಳಿದವನು ನಾನೇ ಅಂತ ಅವನ ಮುಖದ ಮೇಲೆ ಹೇಳು. ಅವನ ಕಥೆ ಅಲ್ಲಿಗೆ ಮುಗಿಯಿತು.

ಅಕ್ಕ


ಮೇ 3

ಅಕ್ಕಾ,

ಕಾಗದ ತಡವಾಯಿತು. ಜ್ವರ ಇತ್ತು. ಇಲ್ಲಿ ಹೊಸಬರಿಗೆ ರಜಾ ಕೊಡುವುದು ಕಷ್ಟ.

ಒಂದು ಯೋಚನೆ ಬಂತು. ಬೆಳಗಿನ ವಿಷಯ ಗಟ್ಟಿ ಇದೆ. ಸಂಜೆಯದನ್ನು ಬಿಟ್ಟುಬಿಟ್ಟರೆ ಹೇಗೆ? ಸಾಕ್ಷಿ ಇಲ್ಲದ ಮಾತು ಹಿಡಿದುಕೊಂಡು ಹೋದರೆ ಗಟ್ಟಿ ಇರುವುದೂ ಸಡಿಲ ಆಗುತ್ತದೆ ಅಂತ ಇಲ್ಲಿಯ ಗುಮಾಸ್ತರು ಹೇಳಿದರು.

ಬಟಾಣಿಗೆ ಮುತ್ತು.

ನಿನ್ನ ತಮ್ಮ


ಮೇ 9

ತಮ್ಮಾ,

ಸಾಕ್ಷಿ ಇಲ್ಲವಾ? ನೀನು ಯಾರು ಮತ್ತೆ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ನಾಲ್ಕು ಸಲ ಓದಿದೆ. ನಾಲ್ಕನೇ ಸಲ ಓದುವಾಗ ಒಲೆ ಆರಿಸಿ ಕೂತೆ.

ಆ ಬಾಗಿಲ ಹಿಂದೆ ಏನು ನಡೆಯಿತು, ಬರಿ.

ಅಕ್ಕ


ಮೇ 15

ಅಕ್ಕಾ,

ಐದು ಹಾಳೆ ಹರಿದೆ. ಇದು ಆರನೆಯದು.

ನಾನು ಡಾಕ್ಟರನ್ನು ಕೇಳಲಿಲ್ಲ.

ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ದೊಡ್ಡವರ ಜೊತೆ ಅವನು ನಗುತ್ತಿದ್ದ. ಹಿಂದಿನ ವಾರ ಪಕ್ಕದ ಮನೆಯವರನ್ನು ಎರಡನೇ ಸಲ ಕರೆದುಕೊಂಡು ಹೋಗಿದ್ದಕ್ಕೆ, "ಏನಯ್ಯಾ ಅರ್ಧ ಡಾಕ್ಟ್ರೇ, ಇದು ನಿನ್ನ ನೆಂಟರ ಛತ್ರಾನಾ?" ಅಂತ ಎಲ್ಲರ ಎದುರು ಅಂದಿದ್ದ. ಅದು ಒಂದು. ಅದೇ ಪೂರ್ತಿ ಅಂತ ಬರೆದರೆ ಮತ್ತೆ ಸುಳ್ಳಾಗುತ್ತದೆ. ಬೆಳಗ್ಗೆ ನಾನು ‘ತುಂಬಿದೆ’ ಅಂದಿದ್ದೆ. ಕೇಳಲು ಹೋದರೆ ನನ್ನ ಮಾತಿನ ಮೇಲೆ ನನಗೇ ಅನುಮಾನ ಬಂತು ಅಂತ ಆಗುತ್ತಿತ್ತು.

ಫಿಲ್ಮ್ ತೊಳೆಯುವ ಕತ್ತಲೆ ಕೋಣೆಗೆ ಹೋಗಿ ನಿಂತೆ. ನೂರರವರೆಗೆ ಎಣಿಸಿದೆ. ಕೇಳಿ ಬರಲು ಅಷ್ಟು ಹೊತ್ತು ಬೇಕಲ್ಲ, ಅದಕ್ಕೆ. ಆಮೇಲೆ ಬಟಾಣಿಯ ಫಿಲ್ಮನ್ನು ಲೈಟಿಗೆ ಹಿಡಿದು ಇನ್ನೊಂದು ಸಲ ನೋಡಿದೆ. ಬೆಳಗ್ಗೆ ಹೇಗಿತ್ತೋ ಹಾಗೇ ತುಂಬಿತ್ತು. ಮಗು ಹೊರಗೆ ನಿನ್ನ ಹೆಗಲ ಮೇಲಿತ್ತು ಅಕ್ಕಾ, ಆರು ಹೆಜ್ಜೆ ದೂರ. ಮಗುವನ್ನು ನೋಡದೆ ನಾನು ಫಿಲ್ಮ್ ನೋಡಿದೆ. ಅವನಿಂದ ಕಲಿತದ್ದು ಅದೊಂದೇ, ಚೆನ್ನಾಗಿ ಕಲಿತಿದ್ದೆ.

ಎರಡು ಚಮಚ ಅನ್ನುವುದು ನಾನು ಬಾಗಿಲು ದಾಟುವಾಗ ಹೊಳೆದದ್ದು.

ಅವನ ಮೇಲೆ ಹಲ್ಲು ಮಸೆದದ್ದೆಲ್ಲ ನಿಜ. ಈಗಲೂ ಕೈಗೆ ಸಿಕ್ಕರೆ ಬಿಡುವುದಿಲ್ಲ. ಆದರೆ ಆ ಸಿಟ್ಟನ್ನು ಜೋರಾಗಿ ಹೊತ್ತಿಸಿ ಇಟ್ಟುಕೊಂಡಿದ್ದು, ಇದು ಕಾಣದೆ ಇರಲಿ ಅಂತ.

ಬೇಕಾದರೆ ಬಂದು, ಕೇಳಿದೆ ಅಂತಲೇ ಹೇಳುತ್ತೇನೆ. ಅವನು ಮುಳುಗುತ್ತಾನೆ. ನೀನು ಹೇಳಿದ ಹಾಗೆ.

ನಿನ್ನ ತಮ್ಮ


ಮೇ 24

28ಕ್ಕೆ ಹತ್ತೂವರೆಗೆ ಬಾ. ಬೆಳಗಿನದೂ ಹೇಳು, ಸಂಜೆಯದೂ ಹೇಳು. ಚಮಚದ ಮಾತನ್ನೂ ಬಿಡಬೇಡ.

ಸುಳ್ಳು ಹೇಳಿ ಅವನನ್ನು ಮುಳುಗಿಸುವ ಉಪಕಾರ ನನಗೆ ಬೇಡ. ಹಾಗೆ ಮಾಡಿದರೆ ನೀನು ದಡ ಸೇರುತ್ತೀಯ.

ಮನೆಗೆ ಬರಬೇಡ. ಸೀದಾ ಅಲ್ಲಿಗೆ ಬಾ.

ಬಟಾಣಿಯ ಅಮ್ಮ


ಜೂನ್ 2

ಅಕ್ಕಾ,

ವಿಚಾರಣೆಯಲ್ಲಿ ನೀನು ನನ್ನ ಕಡೆ ತಿರುಗಲಿಲ್ಲ. ನಾನು ಹೇಳುವಾಗ ನೀನು ಮೇಜಿನ ಅಂಚಿನ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದೆ. ಅದನ್ನೇ ನೋಡಿಕೊಂಡು ನಾನು ಎಲ್ಲ ಹೇಳಿದೆ.

ಮಂಡಳಿಯ ಮೂವರಲ್ಲಿ ಕನ್ನಡಕದವರು, "ನೀವು ಮಗುವಿನ ಹೊಟ್ಟೆ ಮುಟ್ಟಿ ನೋಡಿದ್ರಾ?" ಅಂತ ಅವನನ್ನು ಎರಡು ಸಲ ಕೇಳಿದರಲ್ಲ. "ಎಕ್ಸ್‌ರೇ ಸ್ಪಷ್ಟವಾಗಿತ್ತು" ಅಂದ. "ಅದನ್ನ ಕೇಳಲಿಲ್ಲ" ಅಂದರು. "ಇಲ್ಲ" ಅಂದ. ಅಷ್ಟು ದಿನ ಕಾದ ಮಾತು ಅದು. ಕೇಳಿದೆ. ಕೇಳಿದರೆ ಎದೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ನೀನು ಹೋದ ಮೇಲೆ ನಡೆದದ್ದು ಒಂದಿದೆ. ಮೆಟ್ಟಿಲಲ್ಲಿ ಅವನು ನನ್ನ ಹಿಂದೆ ಇಳಿದು ಬಂದ. ಬೇರೆ ಯಾರೂ ಇರಲಿಲ್ಲ. ಬೈಯುತ್ತಾನೆ ಅಂದುಕೊಂಡು ಮುಷ್ಟಿ ಕಟ್ಟಿದ್ದೆ. ಅವನು ಮೆಲ್ಲಗೆ ಹೇಳಿದ: "ಆ ಸಂಜೆ ನೀನು ಬಂದು ಕೇಳಿದ್ರೂ ನಾನು ಅದನ್ನೇ ಹೇಳ್ತಿದ್ದೆ ಕಣಯ್ಯ. ಫಿಲ್ಮ್ ತುಂಬಿತ್ತಲ್ಲ."

ಇಷ್ಟು ಹೇಳಿ ಕಾರು ಹತ್ತಿದ.

ಅಕ್ಕಾ, ನನ್ನ ಹೊರೆ ಇಳಿಸಲು ಹೇಳಿದನೋ, ಅವನದು ಇಳಿಸಿಕೊಳ್ಳಲು ಹೇಳಿದನೋ ಗೊತ್ತಿಲ್ಲ. ಮೇಲೆ ಮಂಡಳಿಯಲ್ಲಿ, ಬರೆದುಕೊಳ್ಳುವವರ ಎದುರು ಯಾಕೆ ಹೇಳಲಿಲ್ಲ? ಅವನ ಬಾಯಿಂದ ಬಂದದ್ದು ಅಂತ ನಾನು ನಿನಗೆ ಮಾತು ತಂದು ಕೊಡುತ್ತಿರುವುದು ಇದು ಎರಡನೇ ಸಲ. ಮೊದಲನೇ ಸಲ ಏನಾಯಿತು ಅಂತ ಇಬ್ಬರಿಗೂ ಗೊತ್ತು. ನಂಬು ಅಂತ ಕೇಳುವ ಮುಖ ನನಗಿಲ್ಲ. ಬಚ್ಚಿಟ್ಟರೆ ಅದೂ ಸುಳ್ಳಾಗುತ್ತದೆ ಅಂತ ಬರೆದೆ.

ಇಲ್ಲಿಯ ಕೆಲಸ ಹೋಯಿತು. ತರಬೇತಿ ಇಲ್ಲದೆ ಮಕ್ಕಳಿಗೆ ಎಕ್ಸ್‌ರೇ ತೆಗೆದವನು ಅಂತ ಮಂಡಳಿಯಿಂದ ಕಾಗದ ಬಂದಿದೆ. ಅಜ್ಜಿಗೆ ಗೊತ್ತಾಯಿತು. "ಆವತ್ತು ತೋರಿಸಿದ್ದು ನಿಮ್ಮನೆ ಮಗೂದಾ?" ಅಂದರು. ಹೌದು ಅಂದೆ.

ತಮ್ಮ


ಜೂನ್ 19

ಕಾಗದ ಓದಿದೆ.

ಮಂಡಳಿಯವರು ಅವನಿಗೆ ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ. ಮುಂದೆ ಮಗುವನ್ನು ಪರೀಕ್ಷೆ ಮಾಡಿದ ಮೇಲೆಯೇ ಬೇಕಿದ್ದರೆ ಎಕ್ಸ್‌ರೇ ತೆಗೆಸಬೇಕಂತೆ. ಅವನು ಅದನ್ನು ಡ್ರಾಯರಿನಲ್ಲಿ ಇಟ್ಟಿರುತ್ತಾನೆ. ಬೋರ್ಡಿನ ಲೈಟು ಉರಿಯುತ್ತಲೇ ಇದೆ.

ಹೋದ ಸೋಮವಾರ ಬಟಾಣಿಯನ್ನು ಎತ್ತಿಕೊಂಡು ಹೋಗಿ ಅವನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ಚೀಟಿ ಮಾಡಿಸಿದ್ದೇನೆ, ಎಬ್ಬಿಸುವ ಹಾಗಿಲ್ಲ. ನನ್ನ ಸರದಿ ಬಂದಾಗ ಒಳಗೆ ಹೋಗಿ ಕೇಳಿದೆ: "ಮೆಟ್ಟಿಲ ಮೇಲೆ ನನ್ನ ತಮ್ಮನಿಗೆ ಏನು ಹೇಳಿದ್ರಿ?" ಅವನು ಬಾಗಿಲು ಮುಚ್ಚಿದೆಯಾ ಅಂತ ನೋಡಿದ. ಮುಚ್ಚಿರಲಿಲ್ಲ. "ನಂಗೆ ನೆನಪಿಲ್ಲಮ್ಮ" ಅಂದ.

ಹೇಳಿರಬಹುದು. ಹೇಳದೆಯೂ ಇರಬಹುದು. ನೀವಿಬ್ಬರೂ ಸೇರಿ ಹಂಚಿಕೊಳ್ಳಿ, ನನಗೆ ಅದರಲ್ಲಿ ಪಾಲು ಬೇಡ. ಅವನು ಅದನ್ನೇ ಹೇಳುತ್ತಿದ್ದ ಅಂತಲೇ ಇಟ್ಟುಕೋ. ಆದರೆ ಕೇಳಲಿಲ್ಲ ಅಂತ ನೀನು ಆಗಲೇ ಹೇಳಿದ್ದರೆ ನಾನೇ ಅವನ ಬಾಗಿಲು ಒದ್ದು ಒಳಗೆ ನುಗ್ಗುತ್ತಿದ್ದೆ. ತಮ್ಮ ಕೇಳಿ ಬಂದಿದ್ದಾನೆ ಅಂತ ನಂಬಿ ಮನೆಗೆ ಹೋದೆ.

ಹೊರಗೆ ಬಂದು ಮತ್ತೆ ಬೆಂಚಿನ ಮೇಲೆ ಕೂತೆ. ಹೊಟ್ಟೆನೋವಿನ ಮಗು ಎತ್ತಿಕೊಂಡು ಬಂದವಳಿಗೆ ಬಟಾಣಿಯ ಅಂಗಿ ಎತ್ತಿ ತೋರಿಸಿದೆ. "ಮೊದ್ಲು ಹೊಟ್ಟೆ ಮುಟ್ಟಿ ನೋಡಿ ಅನ್ನಮ್ಮಾ, ಆಮೇಲೆ ಫೋಟೋ" ಅಂದೆ. ಅವಳು ಒಳಗೆ ಹೋಗಿ ಹಾಗೇ ಅಂದಳು. ಆ ದಿನ ನಾಲ್ಕು ಜನ ಅಂದರು. ಕೌಂಟರಿನ ಆಯಾ ನನಗೆ ನೀರು ತಂದುಕೊಟ್ಟಳು. ಮಂಗಳವಾರವೂ ಹೋದೆ, ಬುಧವಾರವೂ ಹೋದೆ. ಬುಧವಾರ ಅವನು ಹನ್ನೊಂದು ಗಂಟೆಗೇ ಹಿಂದಿನ ಬಾಗಿಲಿಂದ ಎದ್ದು ಹೋದ. ಮಂಡಳಿಯ ಕಾಗದಕ್ಕಿಂತ ನನಗೆ ಅದು ರುಚಿಸಿತು.

ಬಟಾಣಿಯ ಕರುಳನ್ನು ಮುಂದಿನ ತಿಂಗಳು ಒಳಗೆ ಸೇರಿಸುತ್ತಾರೆ. ಅಲ್ಲಿಯವರೆಗೆ ಸೋಂಕು ತಾಗಬಾರದು, ಜನರ ನಡುವೆ ಕರೆದುಕೊಂಡು ಹೋಗಬೇಡಿ ಅಂದಿದ್ದಾರೆ. ಬೆಂಚು ಖಾಲಿ ಬಿಡಲು ನನಗೆ ಇಷ್ಟವಿಲ್ಲ. ನಿನಗೂ ಈಗ ಕೆಲಸ ಇಲ್ಲವಲ್ಲ.

ಸೋಮವಾರದಿಂದ ನೀನು ಕೂತುಕೋ. ಎಂಟರಿಂದ ಒಂದು ಗಂಟೆಯವರೆಗೆ. ಬಟಾಣಿಯ ಹೆಸರಿನಲ್ಲಿ ದಿನಾ ಚೀಟಿ ಮಾಡಿಸು. ತೋರಿಸಲು ನಿನ್ನ ಹತ್ತಿರ ಮಗು ಇರುವುದಿಲ್ಲ, ಅದಕ್ಕೆ ಬಾಯಿ ಬಿಟ್ಟು ಹೇಳು. ಬರುವ ಪ್ರತಿಯೊಬ್ಬ ತಾಯಿಗೂ ಹೇಳು, ಇಲ್ಲಿ ಫಿಲ್ಮ್ ಹಿಡಿದುಕೊಂಡು ‘ತುಂಬಿದೆ’ ಅನ್ನುತ್ತಿದ್ದವನು ನಾನೇ ಅಂತ. ಆ ಸಂಜೆ ಅಕ್ಕನಿಗೆ ಏನು ಹೇಳಿ ಕಳಿಸಿದೆ ಅನ್ನುವುದನ್ನೂ ಹೇಳು. ಒಬ್ಬಳಿಗೂ ತಪ್ಪಿಸಬೇಡ. ಆಯಾಗೆ ಹೇಳಿದ್ದೇನೆ, ನೀನು ಹೇಳುತ್ತೀಯೋ ಇಲ್ಲವೋ ಅವಳು ಕೇಳಿಸಿಕೊಳ್ಳುತ್ತಾಳೆ.

ಊಟ ನೀನೇ ತಂದುಕೋ. ನಾನು ಕಟ್ಟಿ ಕಳಿಸುವುದಿಲ್ಲ.

ಬಟಾಣಿಯ ಅಮ್ಮ